ಜಪಾನ್ ಸಾಮ್ರಾಜ್ಯ ಬಿದ್ದಿದ್ದು ಅಣುಬಾಂಬ್‌ನಿಂದ ಮಾತ್ರವಾ?

ಐವತ್ತೇ ವರ್ಷದಲ್ಲಿ ಅಷ್ಟು ದೊಡ್ಡ ಸಾಮ್ರಾಜ್ಯ ಕಟ್ಟಿದ ಜಪಾನ್ ಎರಡು ಬಾಂಬಿಗೆ ಮುಗಿದುಹೋಯಿತಾ ಅಂತ ಕೇಳಿದ್ದೀರಿ. ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿನ ಸೈನ್ಯಕ್ಕೆ "ಸಾಕು, ನಿಲ್ಲಿಸಿ" ಅನ್ನುವ ತಾಕತ್ತು ಯಾರಿಗೂ ಉಳಿದಿರಲಿಲ್ಲ. ಬಿದ್ದಿದ್ದು ಅದರಿಂದ.

ಏಳಿಗೆಯ ಕಥೆ ನಿಮಗೂ ಗೊತ್ತಿರುತ್ತದೆ. 1868ರಲ್ಲಿ ಮೇಜಿ ಚಕ್ರವರ್ತಿಯ ಹೆಸರಲ್ಲಿ ಹೊಸ ಆಡಳಿತ ಶುರು. 1895ರಲ್ಲಿ ಚೀನಾವನ್ನು ಸೋಲಿಸಿ ತೈವಾನ್ ಪಡೆದರು. 1905ರಲ್ಲಿ ರಷ್ಯಾವನ್ನೇ ಮಣಿಸಿದರು. 1910ರಲ್ಲಿ ಕೊರಿಯಾ ನುಂಗಿದರು. ಅಲ್ಲಿಯವರೆಗೆ ಎಲ್ಲಿ ನಿಲ್ಲಬೇಕು ಅನ್ನುವ ಲೆಕ್ಕ ಟೋಕಿಯೋದ ಹಿರಿಯರ ಕೈಯಲ್ಲಿತ್ತು.

ಅದು ಕೈತಪ್ಪಿದ್ದು ಕಾಣುವುದು 1931ರ ಸೆಪ್ಟೆಂಬರ್ 18ರ ರಾತ್ರಿ. ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾದಲ್ಲಿ, ಮುಕ್ದೆನ್ ನಗರದ ಹತ್ತಿರ ಜಪಾನಿನ ಅಧಿಕಾರಿಗಳೇ ತಮ್ಮ ರೈಲು ಹಳಿಗೆ ಸಿಡಿಮದ್ದು ಇಟ್ಟು, ಚೀನೀಯರ ತಲೆಗೆ ಕಟ್ಟಿದರು. ಸ್ಫೋಟ ಎಷ್ಟು ಸಣ್ಣದೆಂದರೆ ಸ್ವಲ್ಪ ಹೊತ್ತಿಗೆ ಬಂದ ರೈಲು ಅದೇ ಹಳಿ ಮೇಲೆ ದಾಟಿ ಹೋಯಿತು! ಆದರೂ ಅದೇ ನೆಪದಲ್ಲಿ ಇಡೀ ಮಂಚೂರಿಯಾ ಹಿಡಿದರು. ಸರ್ಕಾರ ಬೇಡ ಅಂದರೂ ಕೇಳಲಿಲ್ಲ. ಮರುವರ್ಷ ಪ್ರಧಾನಿ ಇನುಕಾಯಿ ಅವರನ್ನು ನೌಕಾಪಡೆಯ ಯುವ ಅಧಿಕಾರಿಗಳು ಅವರ ಮನೆಯಲ್ಲೇ ಗುಂಡಿಕ್ಕಿ ಕೊಂದರು.

ಇನ್ನೊಂದು ವಿಷಯ ಜಾಸ್ತಿ ಜನರ ಕಣ್ಣಿಗೆ ಬೀಳುವುದಿಲ್ಲ. ಸೇನಾ ಮಂತ್ರಿ ಆಗುವವರು ಸೇವೆಯಲ್ಲಿರುವ ಸೇನಾ ಜನರಲ್ ಆಗಿರಲೇಬೇಕು ಅನ್ನುವ ಹಳೆಯ ನಿಯಮವನ್ನು 1936ರಲ್ಲಿ ವಾಪಸ್ ತಂದರು. ಅಂದರೆ ಸೈನ್ಯ ಮಂತ್ರಿ ಕೊಡದಿದ್ದರೆ ಸಂಪುಟವೇ ಇಲ್ಲ. 1937ರ ಜನವರಿಯಲ್ಲಿ ಸರ್ಕಾರ ರಚಿಸಲು ಚಕ್ರವರ್ತಿ ಉಗಾಕಿ ಅವರನ್ನು ಕರೆದರು. ಅವರೂ ಜನರಲ್ ಆಗಿದ್ದವರೇ. ಆದರೆ 1925ರಲ್ಲಿ ಸೈನ್ಯದ ನಾಲ್ಕು ಡಿವಿಷನ್ (ಸಾವಿರಾರು ಸೈನಿಕರ ದೊಡ್ಡ ತುಕಡಿ) ಕಡಿತ ಮಾಡಿದ್ದರು. ಆ ಸಿಟ್ಟಿಗೆ ಸೈನ್ಯ ಮಂತ್ರಿಯನ್ನೇ ಕೊಡಲಿಲ್ಲ. ಚಕ್ರವರ್ತಿಯೇ ಕರೆದರೂ ಉಗಾಕಿ ಸುಮ್ನೆ ಮನೆಗೆ ಹೋಗಬೇಕಾಯಿತು. ಅದೇ ವರ್ಷ ಜುಲೈಯಲ್ಲಿ ಚೀನಾ ಯುದ್ಧ ಶುರುವಾಯಿತು. ಡಿಸೆಂಬರ್‌ನಲ್ಲಿ ಚೀನಾದ ಆಗಿನ ರಾಜಧಾನಿ ನಾನ್‌ಜಿಂಗ್‌ನಲ್ಲಿ ಜಪಾನ್ ಸೈನ್ಯ ನಡೆಸಿದ ಹತ್ಯಾಕಾಂಡ. ಎಷ್ಟು ಊರು ಗೆದ್ದರೂ ಚೀನಾ ಶರಣಾಗಲಿಲ್ಲ.

ಆ ಯುದ್ಧ ನಡೆಸಲು ಎಣ್ಣೆ ಬೇಕು. ಅದರ ಬಹುಪಾಲು ಬರುತ್ತಿದ್ದುದು ಅಮೆರಿಕದಿಂದ! 1941ರ ಜುಲೈಯಲ್ಲಿ ಜಪಾನ್ ದಕ್ಷಿಣ ಇಂಡೋಚೈನಾಕ್ಕೆ (ಈಗಿನ ವಿಯೆಟ್ನಾಂ ಕಡೆ) ಕಾಲಿಟ್ಟ ಕೂಡಲೇ ಅಮೆರಿಕ ಎಣ್ಣೆ ಕೊಡುವುದನ್ನೇ ಬಂದ್ ಮಾಡಿತು. ಉಳಿದದ್ದು ಎರಡೇ ದಾರಿ: ಚೀನಾದಿಂದ ವಾಪಸ್ ಬರುವುದು, ಇಲ್ಲವೇ ಡಚ್ಚರ ಕೈಯಲ್ಲಿದ್ದ ಇಂಡೋನೇಷ್ಯಾದ ಎಣ್ಣೆ ಕಿತ್ತುಕೊಳ್ಳುವುದು. ಮೊದಲನೆಯದನ್ನು ಸೈನ್ಯ ಒಪ್ಪುವ ಮಾತೇ ಇರಲಿಲ್ಲ. ಎರಡನೆಯದಕ್ಕೆ ಅಮೆರಿಕದ ನೌಕಾಪಡೆ ಅಡ್ಡ ಬರಬಾರದೆಂದು ಹವಾಯಿಯ ಪರ್ಲ್ ಹಾರ್ಬರ್‌ನಲ್ಲಿದ್ದ ಅದರ ಹಡಗುಗಳ ಮೇಲೆ ದಾಳಿ ಮಾಡಿದರು.

ಎಣ್ಣೆ ಬಾವಿಗಳೇನೋ ಸಿಕ್ಕವು. ಆದರೆ ಎಣ್ಣೆ ಹಡಗಲ್ಲೇ ಬರಬೇಕು ಅಲ್ವಾ? ಅಮೆರಿಕದ ಜಲಾಂತರ್ಗಾಮಿಗಳು ಆ ಹಡಗುಗಳನ್ನು ಒಂದೊಂದಾಗಿ ಮುಳುಗಿಸಿದವು. ಕೊನೆಕೊನೆಗೆ ಎಣ್ಣೆ ತೆಗೆದು ವಿಮಾನದ ಇಂಧನ ಮಾಡಲೆಂದು ಊರಿನವರು, ಶಾಲೆ ಮಕ್ಕಳು ಪೈನ್ ಮರದ ಬೇರು ಅಗೆಯುತ್ತಿದ್ದರು. ಹಿರೋಶಿಮಾಕ್ಕೆ ಬಾಂಬ್ ಬಿದ್ದಾಗ ದೇಶದ ಸ್ಥಿತಿ ಅದು. ಆಗಸ್ಟ್ 9ರಂದು ನಾಗಸಾಕಿ. ಅದೇ ದಿನ ಸೋವಿಯತ್ ಸೇನೆ ಮಂಚೂರಿಯಾಕ್ಕೆ ನುಗ್ಗಿತು. ಬಾಂಬ್ ಶರಣಾಗತಿಯನ್ನು ಬೇಗ ತಂದಿತು, ಅದು ನಿಜ. ಆದರೆ ಯುದ್ಧ ಅದಕ್ಕೂ ಮೊದಲೇ ಸೋತಾಗಿತ್ತು.

ಆಗಲೂ ಎಲ್ಲರೂ ಒಪ್ಪಲಿಲ್ಲ ನೋಡಿ. ಆಗಸ್ಟ್ 14ರ ರಾತ್ರಿ ಕೆಲವು ಸೇನಾಧಿಕಾರಿಗಳು ಅರಮನೆಗೇ ನುಗ್ಗಿ, ಚಕ್ರವರ್ತಿಯ ಶರಣಾಗತಿ ಭಾಷಣದ ಧ್ವನಿಮುದ್ರಿಕೆಗಾಗಿ ತಡಕಾಡಿದರು. ಅದು ಸಿಗಲಿಲ್ಲ. ಮರುದಿನ ಮಧ್ಯಾಹ್ನ ರೇಡಿಯೋದಲ್ಲಿ ಬಂತು.