ಕಾಲು ಸೂಪ್ ಬಂತು, ಮುದ್ದೆ ಹೋಯಿತು

ಮೂಳೆ ಮುರಿದ ಹಿರಿಯರನ್ನು ನೋಡಿಕೊಳ್ಳುವವರು ಆಹಾರ ಸಲಹೆಗೆ ಬಂದಾಗ ಮತ್ತೆ ಮತ್ತೆ ಎದುರಾಗುವ ಪ್ರಕರಣವಿದು. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಎಪ್ಪತ್ತರ ಆಸುಪಾಸಿನ ತಾಯಿ, ಹಳೆ ಮೈಸೂರು ಸೀಮೆಯವರು. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಎರಡು ತಿಂಗಳಾದರೂ ವಾಕರ್ ಹಿಡಿದು ಏಳುವ ತ್ರಾಣವಿಲ್ಲ, ತೂಕ ಇಳಿಯುತ್ತಲೇ ಇದೆ. ಸೊಸೆ ಮೂರು ಹೊತ್ತೂ ದೊಡ್ಡ ಲೋಟದ ತುಂಬ ಕುರಿ ಕಾಲು ಸೂಪ್ ಮಾಡಿ ಕೊಡುತ್ತಿದ್ದರು.

ಸೂಪಿನ ಜೊತೆ ಏನು ಉಣ್ಣುತ್ತಾರೆ ಎಂದು ಕೇಳಿದೆ.

“ಏನೂ ಬೇಡ ಅಂತಾರೆ ಮೇಡಂ. ಮುದ್ದೆ ಭಾರ ಆಗುತ್ತೆ ಅಂತ ನಾವೇ ಬಿಡಿಸಿದ್ವಿ. ಕ್ಯಾಲ್ಸಿಯಂ ಮಾತ್ರೆನೂ ನಿಲ್ಲಿಸಿದ್ವಿ. ಮೂಳೆ ಸಾರವೆಲ್ಲ ಸೂಪಲ್ಲೇ ಇಳಿದಿರುತ್ತಲ್ಲ?”

ಅಲ್ಲಿಯತನಕ ಸುಮ್ಮನಿದ್ದ ಅತ್ತೆ ಬಾಯಿಬಿಟ್ಟರು: “ಅದ ಕುಡುದ್ರೆ ಹೊಟ್ಟೆ ತುಂಬ್ಕತದೆ ಕಣವ್ವ. ಆಮೇಕೆ ಇನ್ನೇನ್ ಉಣ್ಲಿ?”

ಇಡೀ ಪ್ರಕರಣ ಆ ಮಾತಿನಲ್ಲಿತ್ತು. ಸೂಪು ಹೊಟ್ಟೆ ತುಂಬಿಸುತ್ತಿತ್ತು, ಊಟದ ಜಾಗವನ್ನು ಕಸಿದುಕೊಂಡಿತ್ತು.

ಮೂಳೆಯ ಕ್ಯಾಲ್ಸಿಯಂ ಗಟ್ಟಿ ಖನಿಜ. ಎಷ್ಟು ಹೊತ್ತು ಕುದಿಸಿದರೂ ನೀರಿಗೆ ಇಳಿಯುವುದು ಅತ್ಯಲ್ಪ. ಟೊಮೆಟೊ, ನಿಂಬೆರಸ, ವಿನೆಗರ್ ಹಾಕಿದರೆ ಕೊಂಚ ಹೆಚ್ಚು ಇಳಿಯಬಹುದು, ಆದರೆ ಈ ವಯಸ್ಸಿಗೆ ಬೇಕಾದ ದಿನಕ್ಕೆ 1000ರಿಂದ 1200 ಮಿ.ಗ್ರಾಂ ಎದುರು ಅದು ಲೆಕ್ಕಕ್ಕಿಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿ.ಗ್ರಾಂ ಇದೆ. ಅದನ್ನೇ ಬಿಡಿಸಿದ್ದರು. ಫ್ರಿಜ್‌ನಲ್ಲಿಟ್ಟ ಸೂಪು ಹಲ್ವದಂತೆ ಗಟ್ಟಿಯಾಗುವುದು ಕ್ಯಾಲ್ಸಿಯಂನಿಂದಲ್ಲ, ಚರ್ಮ ಮತ್ತು ಕೀಲಿನಲ್ಲಿರುವ ಕೊಲಾಜನ್ ಎಂಬ ಪ್ರೋಟೀನ್ ಕರಗಿ ಬಂದ ಜೆಲಟಿನ್‌ನಿಂದ. ಜೆಲಟಿನ್ ಪ್ರೋಟೀನೇ ಹೌದು, ಆದರೆ ಅದರಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಗತ್ಯ ಅಮೈನೊ ಆಮ್ಲ ಇಲ್ಲ. ಅದನ್ನೇ ನಂಬಿದರೆ ಕರಗಿದ ತೊಡೆಯ ಮಾಂಸಖಂಡ ಮತ್ತೆ ತುಂಬಿಕೊಳ್ಳುವುದಿಲ್ಲ.

ಹಾಗಿದ್ದರೆ ಸೂಪು ನಿಲ್ಲಿಸಿ ಎನ್ನಬಹುದಿತ್ತಲ್ಲ ಎಂದು ಸಹೋದ್ಯೋಗಿಗಳು ಆಕ್ಷೇಪಿಸಿದ್ದಾರೆ. ನಾನು ಒಪ್ಪುವುದಿಲ್ಲ. ನೀರು ಕುಡಿಯಲು ಬೇಸರಪಡುವ ಹಿರಿಯರಿಗೆ ಬಿಸಿ ಸೂಪು ದ್ರವ ಒದಗಿಸುತ್ತದೆ, ಮೆಣಸು-ಬೆಳ್ಳುಳ್ಳಿ ಘಮಕ್ಕೆ ಬಾಯಿ ರುಚಿ ಮರಳುತ್ತದೆ. ಸೊಸೆ ಗಂಟೆಗಟ್ಟಲೆ ಒಲೆ ಮುಂದೆ ನಿಂತು ಮಾಡಿದ್ದನ್ನು ವ್ಯರ್ಥ ಎಂದರೆ ಆ ಮನೆಯಲ್ಲಿ ಮುಂದಿನ ಯಾವ ಸಲಹೆಯೂ ನಡೆಯುವುದಿಲ್ಲ. ಅದಕ್ಕೇ ಹೇಳಿದೆ: ಸೂಪನ್ನು ಸಾರು ಮಾಡಿಕೊಳ್ಳಿ. ಮಧ್ಯಾಹ್ನ ಸಣ್ಣ ಮುದ್ದೆಗೆ ಅದೇ ಸಾರು. ಮುದ್ದೆ ನುಂಗುವ ಊಟ, ಹಲ್ಲಿಲ್ಲದವರಿಗೂ ಸಲೀಸು. ಸಾರಿನಲ್ಲೇ 50 ಗ್ರಾಂ ಖೀಮಾ ಬೇಯಿಸಿ. ಬೆಳಗ್ಗೆ ಮೊಟ್ಟೆ, ರಾತ್ರಿ ಮೆತ್ತಗಿನ ಅನ್ನಕ್ಕೆ ಬೇಳೆ, ಮೊಸರು. ಲೋಟದಲ್ಲಿ ಕುಡಿಯುವುದಾದರೆ ಊಟವಾದ ಮೇಲೆ, ಅರ್ಧ ಲೋಟ ಮಾತ್ರ. ಕ್ಯಾಲ್ಸಿಯಂ ಮಾತ್ರೆ ಮತ್ತೆ ಶುರುಮಾಡಿ, ವಿಟಮಿನ್ ಡಿ ಮತ್ತು ಮೂಳೆ ಸವೆತದ ಚಿಕಿತ್ಸೆಯ ಬಗ್ಗೆ ಡಾಕ್ಟರನ್ನು ಕೇಳಿ.

ಮಾಡುವ ಕ್ರಮವನ್ನೂ ತಿದ್ದಬೇಕಾಯಿತು. ಕೂದಲು ಸುಟ್ಟು, ಗೊರಸು ತೆಗೆಸಿದ 4 ಕಾಲನ್ನು ಅರಿಶಿನ, ಅಕ್ಕಿಹಿಟ್ಟು ಹಾಕಿ ಉಜ್ಜಿ ತೊಳೆಯಿರಿ. ಐದು ನಿಮಿಷ ಕುದಿಸಿ ಆ ನೀರನ್ನು ಚೆಲ್ಲಿ. ನೊರೆ, ಸುಟ್ಟ ವಾಸನೆ ಅದರಲ್ಲೇ ಹೋಗುತ್ತದೆ. ಆಮೇಲೆ ಒಂದೂವರೆ ಲೀಟರ್ ನೀರು, ಜಜ್ಜಿದ ಮೆಣಸು, ಜೀರಿಗೆ, ಬೆಳ್ಳುಳ್ಳಿ, ಶುಂಠಿ ಹಾಕಿ ಕುಕ್ಕರಿನಲ್ಲಿ ಮೊದಲ ವಿಷಲ್ ನಂತರ ಸಣ್ಣ ಉರಿಯಲ್ಲಿ ಒಂದು ಗಂಟೆ. ತೆರೆದ ಪಾತ್ರೆಯಾದರೆ ನಾಲ್ಕೈದು ಗಂಟೆ, ಗುಳ್ಳೆ ಏಳುವಷ್ಟೇ ಉರಿ. ಕೊತಕೊತ ಕುದಿಸಿದರೆ ಕೊಬ್ಬು ನೀರಿನಲ್ಲಿ ಕಲೆತು ಬಿಳಿಚಿಕೊಂಡು ಜಿಡ್ಡಾಗುತ್ತದೆ. ತಣಿದರೂ ಗಟ್ಟಿಯಾಗದಿದ್ದರೆ ನೀರು ಹೆಚ್ಚಾಗಿದೆ ಅಥವಾ ಬೇಯುವುದು ಸಾಲದು. ಬತ್ತಿದಷ್ಟೂ ಉಪ್ಪು ಹೆಚ್ಚುತ್ತದೆ, ಹಾಗಾಗಿ ಉಪ್ಪು ಕೊನೆಗೆ, ಬಿಪಿ ಇದ್ದವರಿಗೆ ತೀರಾ ಕಡಿಮೆ.

ಆ ಮನೆಯಲ್ಲಿ ಪಾತ್ರೆ ರಾತ್ರಿಯಿಡೀ ಒಲೆಯ ಮೇಲೇ ಇರುತ್ತಿತ್ತು. ಇದು ಅಪಾಯ. ಬೆಳಗ್ಗೆ ಮತ್ತೆ ಕುದಿಸಿದರೂ ಕೆಲವು ಬ್ಯಾಕ್ಟೀರಿಯಾಗಳು ಬಿಟ್ಟ ವಿಷ ಹೋಗುವುದಿಲ್ಲ. ಸಣ್ಣ ಡಬ್ಬಿಗಳಿಗೆ ಸೋಸಿ, ತಣ್ಣೀರಿನಲ್ಲಿಟ್ಟು ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಬೇಕು. ಮೇಲೆ ಗಟ್ಟಿಯಾದ ಕೊಬ್ಬನ್ನು ತೆಗೆದು ಮೂರು ದಿನದಲ್ಲಿ ಮುಗಿಸಬೇಕು. ಬೇಕಾದಷ್ಟನ್ನೇ ತೆಗೆದು ಕುದಿಸಿಕೊಳ್ಳಬೇಕು.

ಮುಂದಿನ ಭೇಟಿಗೆ ತೂಕ ಇಳಿಯುವುದು ನಿಂತಿತ್ತು. ಕಿಡ್ನಿ ತೊಂದರೆ ಅಥವಾ ಗೌಟ್ (ಯೂರಿಕ್ ಆಮ್ಲ ಹೆಚ್ಚಿ ಬರುವ ಕೀಲುನೋವು) ಇರುವವರು ಮಾತ್ರ ಈ ಕ್ರಮವನ್ನು ತಮ್ಮ ಡಾಕ್ಟರನ್ನು ಕೇಳದೆ ಶುರುಮಾಡಬಾರದು. ಪ್ರೋಟೀನ್, ಉಪ್ಪು, ಪ್ಯೂರಿನ್ (ದೇಹದಲ್ಲಿ ಯೂರಿಕ್ ಆಮ್ಲವಾಗುವ ಅಂಶ) ಎಷ್ಟಿರಬೇಕೆಂಬ ಲೆಕ್ಕ ಅವರಿಗೆ ಬೇರೆಯೇ ಇರುತ್ತದೆ.