ಮೊದಲ ಕಂತು ನೋಡಿ ಟಿವಿ ಆರಿಸಬಹುದಾ?

ಪ್ರಶ್ನೆ: ಹೊಸದಾಗಿ ಶುರುವಾದ ಅಕ್ಕ-ತಂಗಿಯರ ಧಾರಾವಾಹಿಯ ಮೊದಲ ಕಂತು ನೋಡಿದೆ. ಅಪ್ಪ ತೀರಿಕೊಂಡ ಮೇಲೆ ತಂಗಿ ಎಷ್ಟೋ ವರ್ಷಗಳ ನಂತರ ಮನೆಗೆ ಬರುತ್ತಾಳೆ. ಅಷ್ಟೇ! ಮುಕ್ಕಾಲು ಗಂಟೆ ಏನೂ ನಡೆಯಲಿಲ್ಲ. ನಮ್ಮ ಯಜಮಾನರು ಕೂತಲ್ಲೇ ಗೊರಕೆ ಹೊಡೆದರು. ಮುಂದೆ ನೋಡಬೇಕಾ, ಬಿಡಬೇಕಾ?

ಉತ್ತರ: ಯಜಮಾನರು ಮಲಗಲಿ ಬಿಡಿ, ನೀವು ನೋಡಿ. ಆ ಕಂತನ್ನು ನಾನೂ ನೋಡಿದೆ. ಏನೂ ನಡೆಯಲಿಲ್ಲ ಅಂತೀರಲ್ಲ, ನೀರಿನ ಲೋಟದ ದೃಶ್ಯ ಒಂಚೂರು ನೆನಪು ಮಾಡಿಕೊಳ್ಳಿ. ತಂಗಿ ಚೀಲ ಇಳಿಸಿ ಕುರ್ಚಿಯ ತುದಿಯಲ್ಲಿ ಕೂರುತ್ತಾಳೆ. ಅಕ್ಕ ಒಳಗೆ ಹೋಗಿ ನೀರು ತರುತ್ತಾಳೆ. ತಂದವಳು ಕೈಗೆ ಕೊಡುವುದಿಲ್ಲ, ಮೇಜಿನ ಮೇಲಿಡುತ್ತಾಳೆ. ಅದೂ ಕೈಗೆ ಸಿಗದಷ್ಟು ದೂರದಲ್ಲಿ. ಬೇಕಾದರೆ ಎದ್ದು ತಗೋ ಅನ್ನುವ ಹಾಗೆ. ತಂಗಿ ಏಳುವುದಿಲ್ಲ. ಅಪ್ಪನ ಕೊನೆಯ ದಿನಗಳ ಮಾತು ಬರುತ್ತದೆ, ಬೀಗ ಹಾಕಿದ ಕೋಣೆಯ ಮಾತು ಬರುತ್ತದೆ, ಲೋಟ ಮಾತ್ರ ಇಟ್ಟಲ್ಲೇ ಇರುತ್ತದೆ. ಕೊನೆಗೆ ಅಕ್ಕನೇ ಅದನ್ನು ಎತ್ತಿ ಗಟಗಟ ಕುಡಿದುಬಿಡುತ್ತಾಳೆ!

ಬಹಳ ಕಾಲ ಸೀರಿಯಲ್‌ಗಳ ಎಡಿಟಿಂಗ್ ಮಾಡಿದವನು ನಾನು. ಇಂಥ ದೃಶ್ಯ ಟೇಬಲ್ಲಿಗೆ ಬಂದರೆ ಸಾಮಾನ್ಯವಾಗಿ ಏನಾಗುತ್ತದೆ ಗೊತ್ತಾ? ಲೋಟದ ಮೇಲೊಂದು ಕ್ಲೋಸಪ್, ಅಕ್ಕನ ಮುಖಕ್ಕೊಂದು, ತಂಗಿಯ ಮುಖಕ್ಕೊಂದು, ಜೊತೆಗೆ ಢಂ ಅಂತ ಸಂಗೀತ. ಇಲ್ಲಿ ಅದ್ಯಾವುದೂ ಇಲ್ಲ. ಲೋಟ ಫ್ರೇಮಿನ ಮೂಲೆಯಲ್ಲಿದೆ. ನೋಡಿದವರು ನೋಡಿದರು, ಬಿಟ್ಟವರು ಬಿಟ್ಟರು. ಕತೆ ಎಷ್ಟು ಮುಂದೆ ಹೋಯಿತು ಅಂತ ಮೊದಲ ಕಂತಿನಲ್ಲಿ ನಾನು ಲೆಕ್ಕ ಹಾಕುವುದಿಲ್ಲ. ಯಾರಿಗೆ ಯಾರ ಮೇಲೆ ಏನು ಸಿಟ್ಟಿದೆ, ಏನು ಬೇಕಾಗಿದೆ ಅನ್ನುವುದು ಗೊತ್ತಾಯಿತಾ? ನನಗೆ ಅಷ್ಟು ಸಾಕು. ಇಲ್ಲಿ ಗೊತ್ತಾಯಿತು.

ಪ್ರಶ್ನೆ: ಅದೇ ಧಾರಾವಾಹಿಯಲ್ಲಿ ವಕೀಲರು ಬಂದು, "ನಿಮ್ಮ ತಂದೆ ಮೂವತ್ತು ವರ್ಷ ಹೆಡ್‌ಮಾಸ್ಟರ್ ಆಗಿದ್ದವರು, ನಿಮ್ಮ ತಾಯಿ ನೀವು ಚಿಕ್ಕವರಿದ್ದಾಗಲೇ ಹೋಗಿಬಿಟ್ಟರು" ಅಂತ ಸ್ವಂತ ಮಗಳಿಗೇ ಹೇಳುತ್ತಾರೆ. ಅವಳಿಗೆ ಗೊತ್ತಿಲ್ವಾ?

ಉತ್ತರ: ಅವಳಿಗೆ ಗೊತ್ತು. ವಕೀಲರು ಹೇಳುತ್ತಿರುವುದು ನಿಮಗೆ. ಆ ದೃಶ್ಯ ನನಗೂ ಕಿರಿಕಿರಿ ಮಾಡಿತು. ನೋಡುವವರಿಗೆ ಅರ್ಥವಾಗದೆ ಚಾನೆಲ್ ಬದಲಿಸಿಬಿಟ್ಟರೆ ಅನ್ನುವ ಭಯ ಎಲ್ಲರಿಗೂ ಇರುತ್ತದೆ. ಹಾಗಾಗಿ ವಂಶಾವಳಿ ಪೂರ್ತಿ ಮೊದಲ ದಿನವೇ ಒಪ್ಪಿಸಿಬಿಡುತ್ತಾರೆ. ಜಾಣರು ಏನು ಮಾಡುತ್ತಾರೆ ಅಂದರೆ, ಏನೂ ಗೊತ್ತಿಲ್ಲದ ಒಬ್ಬರನ್ನು ಆ ಮನೆಗೆ ಕರೆತರುತ್ತಾರೆ. ಹೊಸ ಬಾಡಿಗೆದಾರನೋ, ಕೆಲಸಕ್ಕೆ ಸೇರಿದ ಹುಡುಗಿಯೋ. ಅವರು ಕೇಳಲೇಬೇಕು, ಇವರು ಹೇಳಲೇಬೇಕು.

ಪ್ರಶ್ನೆ: ಈಗೀಗ ಯಾವ ಧಾರಾವಾಹಿ ಹಾಕಿದರೂ ಮೊದಲ ದೃಶ್ಯದಲ್ಲೇ ರಕ್ತ, ಓಟ, ಹೆಣ. ಆಮೇಲೆ "ಮೂರು ತಿಂಗಳ ಹಿಂದೆ" ಅಂತ ಅಕ್ಷರ ಬರುತ್ತದೆ. ಯಾಕೆ ಹೀಗೆ?

ಉತ್ತರ: ಶುರುವಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲದಿದ್ದಾಗ ಮುಂದಿನದರಿಂದ ಸಾಲ ತರುತ್ತಾರೆ. ಆದರೆ ಅದೇ ಉಪಾಯವನ್ನು ಚೆನ್ನಾಗಿಯೂ ಮಾಡಬಹುದು. ಅಮೆರಿಕದ ಬ್ರೇಕಿಂಗ್ ಬ್ಯಾಡ್ 2008ರಲ್ಲಿ ಹೀಗೇ ಶುರುವಾಯಿತು. ಮರುಭೂಮಿಯಲ್ಲಿ ಗಾಳಿಗೆ ಹಾರಿ ಬರುವ ಪ್ಯಾಂಟು, ಚಡ್ಡಿಯಲ್ಲಿ ಗ್ಯಾಸ್ ಮಾಸ್ಕ್ ಹಾಕಿಕೊಂಡು ವಾಹನ ಓಡಿಸುತ್ತಿರುವ ಮನುಷ್ಯ. ಆಮೇಲೆ ಕತೆ ಮೂರು ವಾರ ಹಿಂದಕ್ಕೆ ಹೋಗುತ್ತದೆ. ನೋಡಿದರೆ ಅವನೊಬ್ಬ ಸಾಧು ಕೆಮಿಸ್ಟ್ರಿ ಮೇಷ್ಟ್ರು! ಈ ಮನುಷ್ಯ ಆ ಮನುಷ್ಯ ಹೇಗಾದ ಅನ್ನುವ ಕುತೂಹಲ ಹುಟ್ಟುತ್ತದೆ. ಸುಮ್ನೆ ಒಂದು ಹೆಣ ತೋರಿಸಿದರೆ ಹುಟ್ಟುವುದು, ಸತ್ತವರು ಯಾರು ಅನ್ನುವ ಕುತೂಹಲ ಮಾತ್ರ. ಅದು ಜಾಸ್ತಿ ದಿನ ಬಾಳುವುದಿಲ್ಲ.

ಪ್ರಶ್ನೆ: "ನಾಲ್ಕೈದು ಕಂತು ಹೋಗಲಿ, ಆಮೇಲೆ ಚೆನ್ನಾಗಾಗುತ್ತೆ" ಅಂತ ಗೆಳತಿ ಹೇಳುತ್ತಾಳೆ. ನಂಬಬಹುದಾ?

ಉತ್ತರ: ಅರ್ಧ ನಂಬಿ. ಮೊದಲ ಕಂತು ಮಾಡುವಾಗ ತಮ್ಮ ಕತೆ ಏನು ಅನ್ನುವುದು ಮಾಡುವವರಿಗೇ ಸರಿಯಾಗಿ ಗೊತ್ತಿರುವುದಿಲ್ಲ. 1989ರಲ್ಲಿ ಬಂದ ಅಮೆರಿಕದ ಹಾಸ್ಯ ಧಾರಾವಾಹಿ ಸೈನ್‌ಫೆಲ್ಡ್‌ನ ಮೊದಲ ಕಂತಿನಲ್ಲಿ ಆಮೇಲೆ ಮುಖ್ಯ ಪಾತ್ರವಾದ ಎಲೇನ್ ಇಲ್ಲವೇ ಇಲ್ಲ. ಬಾಹ್ಯಾಕಾಶ ನೌಕೆಯ ಕತೆ ಸ್ಟಾರ್ ಟ್ರೆಕ್‌ನ ಮೊದಲ ಪೈಲಟ್ಟನ್ನು, ಅಂದರೆ ಒಪ್ಪಿಗೆಗಾಗಿ ಮಾಡಿ ತೋರಿಸುವ ಮಾದರಿ ಕಂತನ್ನು, ಚಾನೆಲ್‌ನವರು ಬೇಡ ಅಂದರು. ಎರಡನೆಯದು ಮಾಡಿಸುವಾಗ ಕ್ಯಾಪ್ಟನ್‌ನೇ ಬದಲಾದ, ಸ್ಪಾಕ್ ಅನ್ನುವ ಪಾತ್ರ ಉಳಿದುಕೊಂಡಿತು. ಗೇಮ್ ಆಫ್ ಥ್ರೋನ್ಸ್‌ನ ಮೊದಲ ಕಂತನ್ನು ಬಹುಪಾಲು ಮತ್ತೆ ಚಿತ್ರೀಕರಿಸಿದರು, ಡೆನೇರಿಸ್ ಪಾತ್ರಕ್ಕೆ ಬೇರೆ ನಟಿ ಬಂದರು. ಹಾಗಾಗಿ ನಟರ ತಡವರಿಕೆ, ಕತೆಯ ನಿಧಾನ, ಇಂಥವಕ್ಕೆ ನಾನು ಸಮಯ ಕೊಡುತ್ತೇನೆ. ನೋಡುವವರನ್ನು ದಡ್ಡರು ಅಂದುಕೊಂಡು ಬರೆದ ಮಾತಿಗೆ ಮಾತ್ರ ಕೊಡುವುದಿಲ್ಲ. ಅದು ಐದನೇ ಕಂತಿನಲ್ಲೂ ಹಾಗೇ ಇರುತ್ತದೆ.

ಪ್ರಶ್ನೆ: ಪ್ರೋಮೊದಲ್ಲಿ ಅಕ್ಕ ತಂಗಿಯ ಕೆನ್ನೆಗೆ ಹೊಡೆಯುವುದನ್ನು ದಿನಾ ತೋರಿಸಿದರು. ಕಂತಿನಲ್ಲಿ ಅದು ಬರಲೇ ಇಲ್ಲ. ಮೋಸ ಅಲ್ವಾ?

ಉತ್ತರ: ಪ್ರೋಮೊ ಮಾಡುವವರು ಬೇರೆ, ಕಂತು ಮಾಡುವವರು ಬೇರೆ. ಕೆನ್ನೆಗೆ ಏಟು ಖಂಡಿತ ಬೀಳುತ್ತದೆ, ಕಾಯಿರಿ. ಬಿದ್ದ ಮರುಕ್ಷಣ ತಂಗಿ ನಿದ್ದೆಯಿಂದ ಬೆಚ್ಚಿಬಿದ್ದು ಎದ್ದು ಕೂತರೆ ನನಗೆ ಬೈಯಬೇಡಿ.