ಕ್ಯಾಮೆರಾಗಳಿಗೆ ಐಪಿ ವಿಳಾಸ ಸಿಗದ ಕಥೆಯನ್ನು ಪೂರ್ತಿ ಬರೆಯಿರಿ

ನಮಸ್ಕಾರ.

ರಾಜಾಜಿನಗರದ ನಿಮ್ಮ ಆಫೀಸಿನ ಲಿನಕ್ಸ್ ರೂಟರ್ ಬಗ್ಗೆ ಬರೆದು ಕಳಿಸಿದ್ದೀರಿ. ಅಕೌಂಟ್ಸ್ ಕಂಪ್ಯೂಟರ್, ಸಿಸಿಟಿವಿ, ಬಂದುಹೋಗುವವರ ವೈಫೈ, ಈ ಮೂರಕ್ಕೂ ಒಂದೇ ಪೋರ್ಟ್ ಮೇಲೆ ಬೇರೆ ಬೇರೆ, ಸಾಫ್ಟ್‌ವೇರ್‌ನಲ್ಲೇ ಮಾಡಿದ ವರ್ಚುವಲ್ ಇಂಟರ್‌ಫೇಸ್ ಮಾಡಿದ್ದೀರಿ. ಕೆಲಸ ಚೆನ್ನಾಗಿದೆ. ಲೇಖನವನ್ನು ಮಾತ್ರ ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಬಿಟ್ಟುಬಿಡಬೇಡಿ, ತಿದ್ದಿ ಕಳಿಸಿ.

ಮೊದಲ ಎರಡು ಪುಟ ಇಂಟರ್ನೆಟ್ ಹುಟ್ಟಿದ ಕಥೆ. ಅದನ್ನು ತೆಗೆಯಿರಿ. ವೆಥ್ ಜೋಡಿಯ ಭಾಗವೂ ಇಲ್ಲಿ ಬೇಡ. ಒಂದು ತುದಿಗೆ ಹಾಕಿದ್ದು ಇನ್ನೊಂದು ತುದಿಯಲ್ಲಿ ಹೊರಬರುವ ಆ ವರ್ಚುವಲ್ ಇಂಟರ್‌ಫೇಸ್ ಜೋಡಿ, ಒಂದೇ ಕಂಪ್ಯೂಟರಿನೊಳಗೆ ಪ್ರತ್ಯೇಕವಾಗಿ ಓಡುವ ಕಂಟೇನರ್‌ಗಳಿಗೆಲ್ಲ ಬೇಕು. ನೀವು ಮಾಡಿದ್ದು ವಿಲ್ಯಾನ್, ಅಂದರೆ ಒಂದೇ ತಂತಿಯ ಮೇಲೆ ಸಂಖ್ಯೆಯ ಗುರುತಿನಿಂದ ಬೇರೆ ಮಾಡಿದ ಜಾಲಗಳು. ಎರಡನ್ನೂ ಒಂದೇ ತಲೆಬರಹದ ಕೆಳಗೆ ಇಟ್ಟರೆ ಹೊಸಬರು ಎರಡೂ ಒಂದೇ ಅಂದುಕೊಳ್ಳುತ್ತಾರೆ.

ಈಗ ಮುಖ್ಯ ಮಾತು. "ಮೊದಲು ಕ್ಯಾಮೆರಾಗಳಿಗೆ ಐಪಿ ಸಿಗಲಿಲ್ಲ, ಸ್ವಿಚ್ಚಿನಲ್ಲಿ ಸ್ವಲ್ಪ ಬದಲಾಯಿಸಿದ ಮೇಲೆ ಸರಿಹೋಯಿತು" ಅಂತ ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ನಿಮ್ಮ ಲೇಖನ ಇರುವುದೇ ಅಲ್ಲಿ! ಕಮಾಂಡ್‌ಗಳು ಎಲ್ಲಿ ಬೇಕಾದರೂ ಸಿಗುತ್ತವೆ. ಎಸ್‌ಪಿ ರೋಡಿನಿಂದ ಸೆಟ್ಟಿಂಗ್ ಬದಲಿಸಬಹುದಾದ ಮ್ಯಾನೇಜ್ಡ್ ಸ್ವಿಚ್ ತಂದು, ಭಾನುವಾರ ಆಫೀಸಿನಲ್ಲಿ ಒಬ್ಬರೇ ಕೂತು ಎಲ್ಲ ಸರಿಯಾಗಿ ಟೈಪ್ ಮಾಡಿದವರನ್ನು ನೆನೆಸಿಕೊಳ್ಳಿ. ಇಂಟರ್‌ಫೇಸ್ ಅಪ್ ಅಂತ ತೋರಿಸುತ್ತಿದೆ, ಕ್ಯಾಮೆರಾ ಬರುತ್ತಿಲ್ಲ. ಮುಂದೆ ಎಲ್ಲಿ ನೋಡಬೇಕು? ಅವರಿಗಾಗಿ ಬರೆಯಿರಿ.

ನನ್ನ ಊಹೆ ಹೇಳುತ್ತೇನೆ. ರೂಟರ್ ಕಡೆಯ ಸ್ವಿಚ್ ಪೋರ್ಟ್ ಟ್ರಂಕ್ (ಹಲವು ವಿಲ್ಯಾನ್‌ಗಳನ್ನು ಸಂಖ್ಯೆಯ ಟ್ಯಾಗ್ ಸಮೇತ ಸಾಗಿಸುವುದು) ಆಗಿರದೆ ಆಕ್ಸೆಸ್ (ಒಂದೇ ವಿಲ್ಯಾನಿಗೆ ಸೇರಿದ್ದು) ಆಗಿತ್ತು, ಅಲ್ವಾ? ಹಾಗಿದ್ದರೆ ಅದನ್ನು ಬಿಡಿಸಿ ಹೇಳಿ. ಕ್ಯಾಮೆರಾಗಳದು ವಿಲ್ಯಾನ್ 20 ಅಂತಿಟ್ಟುಕೊಳ್ಳಿ. ಅದರ ಇಂಟರ್‌ಫೇಸ್ 20ರ ಟ್ಯಾಗ್ ಇರುವ ಫ್ರೇಮನ್ನು (ಡೇಟಾದ ಕಟ್ಟನ್ನು) ಮಾತ್ರ ತೆಗೆದುಕೊಳ್ಳುತ್ತದೆ. ಆಕ್ಸೆಸ್ ಪೋರ್ಟ್ 20ಕ್ಕೆ ಸೇರಿದ್ದರೆ ಆ 4 ಬೈಟ್ ಟ್ಯಾಗನ್ನು ಕಳಚಿ ಕಳಿಸುತ್ತದೆ. ಆಗ ಐಪಿ ಕೇಳುವ ಕ್ಯಾಮೆರಾದ ಕೋರಿಕೆ ರೂಟರ್‌ಗೆ ಬಂದರೂ ಪೋರ್ಟಿನ ಮೂಲ ಇಂಟರ್‌ಫೇಸಿಗೆ ಬಂದು ನಿಲ್ಲುತ್ತದೆ. ಐಪಿ ಹಂಚುವ ಡಿಎಚ್‌ಸಿಪಿ ಕಾಯುತ್ತಿರುವುದು 20ರ ಮೇಲೆ, ಹಾಗಾಗಿ ಉತ್ತರ ಹೋಗುವುದಿಲ್ಲ. ಪೋರ್ಟ್ ಬೇರೆ ವಿಲ್ಯಾನಿಗೆ ಸೇರಿದ್ದರೆ ಕೋರಿಕೆ ರೂಟರ್ ತನಕ ಬರುವುದೇ ಇಲ್ಲ. ಎರಡರಲ್ಲಿ ಯಾವುದು ಅಂತ, ಹಾದುಹೋಗುವ ಫ್ರೇಮ್‌ಗಳನ್ನು ತೋರಿಸುವ ಟಿಸಿಪಿಡಂಪ್ ತಿಳಿಸುತ್ತದೆ. ಮೂಲ ಇಂಟರ್‌ಫೇಸ್ ಮೇಲೆ, ಲಿಂಕ್ ಹೆಡರ್ (ಫ್ರೇಮಿನ ತಲೆಭಾಗ) ತೋರಿಸುವ ಆಯ್ಕೆ ಕೊಟ್ಟು ಓಡಿಸಬೇಕು. ಕ್ಯಾಮೆರಾದ ಮ್ಯಾಕ್ ವಿಳಾಸ (ಯಂತ್ರದ ಸ್ವಂತ ಗುರುತು) ಕಾಣುತ್ತದೆಯೇ, ಅದೇ ಸಾಲಿನಲ್ಲಿ ವಿಲ್ಯಾನ್ 20 ಅಂತ ಇದೆಯೇ? ತಪ್ಪಿದ್ದಾಗಿನ ಸಾಲು, ಸರಿಯಾದ ಮೇಲಿನ ಸಾಲು, ಎರಡನ್ನೂ ಅಕ್ಕಪಕ್ಕ ಹಾಕಿ. ಓದುವವರಿಗೆ ಅಷ್ಟು ಸಾಕು.

ಸಣ್ಣ ತಿದ್ದುಪಡಿಗಳೂ ಇವೆ. ವಿಲ್ಯಾನ್ ಸಂಖ್ಯೆ 4096ರ ತನಕ ಅಂತ ಬರೆದಿದ್ದೀರಿ. 12 ಬಿಟ್‌ನಲ್ಲಿ 0ಯಿಂದ 4095ರವರೆಗೆ ಹಿಡಿಯುತ್ತದೆ, ಆದರೆ ಆ ಎರಡೂ ತುದಿಗಳನ್ನು ಮೀಸಲಿಟ್ಟಿದ್ದಾರೆ. ಬಳಸಲು ಸಿಗುವುದು 1ರಿಂದ 4094. ಲಿನಕ್ಸಿನ 'ip' ಕಮಾಂಡ್‌ನಿಂದ ಮಾಡಿದ್ದು ರೀಬೂಟ್ ಆದರೆ ಉಳಿಯುವುದಿಲ್ಲ, ಯಾವ ಫೈಲಿನಲ್ಲಿ ಬರೆದಿಟ್ಟಿರಿ ಅಂತ ತಿಳಿಸಿ. ನಮ್ಮ ಊರಲ್ಲಿ ಕರೆಂಟ್ ಹೋಗಿ ಬರುವುದು ಗೊತ್ತಲ್ಲ.

ಒಂದು ತಪ್ಪು ಮಾತ್ರ ಸಣ್ಣದಲ್ಲ. "ವಿಲ್ಯಾನ್ ಬೇರೆ ಮಾಡಿದ್ದರಿಂದ ಹೊರಗಿನವರು ಅಕೌಂಟ್ಸ್ ಕಂಪ್ಯೂಟರ್ ಮುಟ್ಟಲಾರರು" ಅಂದಿದ್ದೀರಿ. ಇದು ನಿಜವಲ್ಲ. ರೂಟರ್ ಅಂದಮೇಲೆ ಐಪಿ ಫಾರ್ವರ್ಡಿಂಗ್ ಆನ್ ಇರುತ್ತದೆ. ಒಂದು ಇಂಟರ್‌ಫೇಸಿಗೆ ಬಂದದ್ದನ್ನು ಇನ್ನೊಂದಕ್ಕೆ ದಾಟಿಸುವುದೇ ಅದರ ಕೆಲಸ. ವಿಲ್ಯಾನ್ ಬೇರೆ ಮಾಡಿದ ಮೇಲೂ ವೈಫೈಗೆ ಬಂದವರನ್ನು ತಡೆಯುವುದು ಫೈರ್‌ವಾಲ್ ನಿಯಮ, ಅಂದರೆ ಯಾವುದು ದಾಟಬಹುದು ಅಂತ ರೂಟರ್‌ಗೆ ಹೇಳುವ ನಿಯಮ. ನಿಮ್ಮ ಮಾತು ನಂಬಿ ಯಾರೋ ತಮ್ಮ ಲೆಕ್ಕಪತ್ರದ ಕಂಪ್ಯೂಟರನ್ನು ಹಾಗೇ ಬಿಟ್ಟಾರು. ನಿಮ್ಮ ಆಫೀಸಿನಲ್ಲಿ ಆ ನಿಯಮ ಇದೆಯೇ? ಇವತ್ತೇ ನೋಡಿ. ವೈಫೈಗೆ ಮೊಬೈಲ್ ಜೋಡಿಸಿ, ಅಕೌಂಟ್ಸ್ ಕಂಪ್ಯೂಟರಿನ ಫೈಲ್ ಶೇರಿಂಗ್ ತೆರೆಯುತ್ತದೆಯೇ ಅಂತ ಪರೀಕ್ಷೆ ಮಾಡಿ. ತೆರೆದರೆ ಮೊದಲು ಅದನ್ನು ಮುಚ್ಚಿ, ಲೇಖನ ಆಮೇಲೆ ಕಳಿಸಿದರೂ ಆಯ್ತು.